ಮಾಳಿಗೆಗೆ ಬಿಳಿ ಕೂಲ್ ರೂಫ್ ಬಣ್ಣ: ರಾಯಚೂರು ಬಿಸಿಲಿಗೆ ತಡೆಯುತ್ತಾ?

ತಡೆಯುತ್ತದೆ, ಹಚ್ಚುವ ಕೆಲಸ ಸರಿ ಇದ್ದರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಬೋಳು ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿಯೆಲ್ಲ ಒಳಗೆ ಝಳ ಬಿಡುತ್ತದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುವುದರಿಂದ ಒಳಗಿನ ಉಷ್ಣತೆ 2ರಿಂದ 5 ಡಿಗ್ರಿ ಇಳಿಯಬಹುದು. ಅದೂ ಮೇಲಂತಸ್ತಿಗೆ ಮಾತ್ರ. ಕೆಳಗಿನವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

20 ಲೀಟರ್ ಬಕೆಟ್ ಎರಡು ಕೈ ಹಚ್ಚಿದರೆ ಸುಮಾರು 400–500 ಚದರಡಿ ಬರುತ್ತದೆ, ಖಡಿ ಎದ್ದ ಒರಟು ಸ್ಲ್ಯಾಬಿಗೆ ಇನ್ನೂ ಕಮ್ಮಿ. ತಂತಿ ಬ್ರಷ್‌ನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಬಿರುಕು ತುಂಬಿದ ಮೇಲೆಯೇ ಡಬ್ಬಿ ತೆಗೆಯಿರಿ. ಮಟಮಟ ಮಧ್ಯಾಹ್ನ ಹಚ್ಚಿದರೆ ಬಣ್ಣ ಕೆಳಗೆ ಕಚ್ಚುವ ಮುಂಚೆಯೇ ಮೇಲೆ ಒಣಗಿ, ಆಮೇಲೆ ಹಪ್ಪಳದಂತೆ ಏಳುತ್ತದೆ. ಸಂಜೆ ಹಚ್ಚಿ, ಎರಡನೇ ಕೈ ಮೊದಲಿನದಕ್ಕೆ ಅಡ್ಡಲಾಗಿ.

ನಿಜವಾದ ವೈರಿ ಧೂಳು. ಎರಿ ಹೊಲದ ಕರಿ ಧೂಳು ಕೂತರೆ ಬಿಳುಪಿನ ಕೆಲಸ ಅರ್ಧಕ್ಕೇ ನಿಂತಂತೆ. ಫೆಬ್ರವರಿ ಕೊನೆಗೆ ಒಮ್ಮೆ ಮೆತ್ತನೆ ಕಸಬರಿಗೆಯಿಂದ ತೊಳೆಯಲೇಬೇಕು.

ಮಣ್ಣಿನ ಮಾಳಿಗೆಗೆ ಇದು ಬೇಡ, ನಿಲ್ಲುವುದಿಲ್ಲ; ಆ ಮನೆ ಹೇಗೂ ತಂಪು. ಕೈ ಬಿಗಿ ಇದ್ದವರಿಗೆ ಅಂಟು ಬೆರೆಸಿದ ಸುಣ್ಣ ಸಾಕು, ಆದರೆ ಮಳೆಗಾಲ ಮುಗಿದ ಮೇಲೆ ಮತ್ತೆ ಬಳಿಯಬೇಕು.