ನಮ್ಮ ಏರಿಯಾದ ಲೇಡೀಸ್ ಜಿಮ್: ತಿಂಗಳಿಗೆ 1,000 ರೂಪಾಯಿ ಕೊಡಬಹುದಾ?

ಮೊದಲು ಫೀಸಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ದಾವಣಗೆರೆಯಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಒಂದು ಮೆಡಿಕಲ್ ಶಾಪಿನ ಮೇಲಿರುವ ಜಿಮ್ ಇದು. ಹೆಂಗಸರಿಗೆ ಮಾತ್ರ. ತಿಂಗಳಿಗೆ 1,000 ರೂಪಾಯಿ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 2,700.

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು, ಬಿಲ್ ನೋಡದೆ ದುಡ್ಡು ಕೊಡುವುದಿಲ್ಲ. ನೀವೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಫೀಸಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. 1,000 ರೂಪಾಯಿಗೆ 180 ಕಟ್ಟುತ್ತಿದ್ದ ಕಡೆ ಈಗ 50. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಜಿಮ್‌ನವರು ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಇವರು ತೆಗೆದುಕೊಳ್ಳುವುದಿಲ್ಲ, ಕೇಳದೆಯೇ ರಸೀದಿ ಕೊಟ್ಟರು. ಅದು ನನಗೆ ಹಿಡಿಸಿತು.

ಸಾವಿರ ರೂಪಾಯಿ ಜಾಸ್ತಿ ಅಲ್ವಾ ಅಂತ ನಮ್ಮ ಓರಗಿತ್ತಿ ಕೇಳಿದಳು. ಅವಳಿಗೆ ನಮ್ಮ ಮನೆಯ ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ. ನಮ್ಮನೆಯವರದ್ದು ಬಟ್ಟೆ ಅಂಗಡಿ. ಬೆಳಿಗ್ಗೆ ಗಲ್ಲಾ ಮುಂದೆ ಕೂತರೆ ರಾತ್ರಿ ಶಟರ್ ಎಳೆಯುವ ಹೊತ್ತಿಗೇ ಏಳುವುದು. ಈಗ ಶುಗರ್, ಬಿಪಿ ಎರಡೂ ಇವೆ. ಮಾತ್ರೆಗೆ ತಿಂಗಳಿಗೆ ಸುಮಾರು 1,400. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಡಾಕ್ಟರ್ ಫೀಸು. ತೋರಿಸಲು ಹೋದ ದಿನ ಅರ್ಧ ದಿನ ಅಂಗಡಿ ಬಾಗಿಲು. ಮದುವೆ ಸೀಸನ್ನಿನಲ್ಲಿ ಅರ್ಧ ದಿನ ಅಂದರೆ ಎಷ್ಟು ವ್ಯಾಪಾರ ಅಂತ ಬಟ್ಟೆ ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಇನ್ಶೂರೆನ್ಸ್ ಇದೆ, ನಿಜ. ಆದರೆ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ಅಡ್ಮಿಟ್ ಆದರೆ ದುಡ್ಡು ಕೊಡುತ್ತವೆ, ದಿನಾ ನುಂಗುವ ಮಾತ್ರೆಗೆ ಕೊಡುವುದಿಲ್ಲ. ಅದೆಲ್ಲ ನಮ್ಮ ಜೇಬಿಂದಲೇ. ಶುಗರ್ ಬರಲು ವಂಶ, ಊಟ, ವಯಸ್ಸು ಎಲ್ಲವೂ ಕಾರಣ, ಕೂತಿದ್ದೊಂದೇ ಅಲ್ಲ. ಆದರೆ ಕೈಕಾಲಿನ ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇಡೀ ದಿನ ಕೂತವರ ಮೈಯಲ್ಲಿ ಆ ಕೆಲಸ ಕಮ್ಮಿಯಾಗಿರುತ್ತದೆ.

ಈ ಖರ್ಚು ಚೂರು ಚೂರಾಗಿ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಜಿಮ್ ಫೀಸು ಮಾತ್ರ ಎದ್ದು ಕಾಣುತ್ತದೆ. ಲೋಕಕ್ಕೆಲ್ಲ ಸೇರಿಸಿ ಈ ಲೆಕ್ಕ ಹಾಕಿದವರಿದ್ದಾರೆ. 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಮೈ ಅಲುಗಿಸದೆ ಇರುವುದರಿಂದ 2013ರ ಒಂದೇ ವರ್ಷದಲ್ಲಿ ಆದ ಚಿಕಿತ್ಸೆ ಖರ್ಚು 5,380 ಕೋಟಿ ಡಾಲರ್. ಅದರಲ್ಲಿ 970 ಕೋಟಿ ಮನೆಯವರೇ ಕೈಯಿಂದ ಕೊಟ್ಟಿದ್ದು. 2024ರಲ್ಲಿ ಅದೇ ಬಳಗದ ಇನ್ನೊಂದು ಪತ್ರಿಕೆ ನಮ್ಮ ದೇಶದ ಲೆಕ್ಕ ಕೊಟ್ಟಿತು: ದೊಡ್ಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸಾಕಷ್ಟು ವ್ಯಾಯಾಮ ಇಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಶೇ 57 ಓದಿದಾಗ ನನಗೆ ಹೊಟ್ಟೆ ಉರಿಯಿತು. ಹೆಂಗಸರಿಗೆ ಮನಸ್ಸಿಲ್ಲ ಅಂತಲ್ಲ, ಹೋಗಲು ಜಾಗ ಇಲ್ಲ, ಹೊತ್ತಿಲ್ಲ.

ಅದಕ್ಕೇ ಈ ಜಿಮ್ ನನಗೆ ಮುಖ್ಯ ಅನಿಸುವುದು. ಬೆಳಿಗ್ಗೆ 6ರ ಬ್ಯಾಚ್ ಇದೆ, ಆದರೆ ತುಂಬುವುದು 11 ಗಂಟೆಯದ್ದು. ಡಬ್ಬಿ ಕಟ್ಟಿ, ಮಕ್ಕಳನ್ನು ಕಳಿಸಿ, ಪಾತ್ರೆ ತೊಳೆದು ಬರುವವರಿಗೆ ಅಂತಲೇ ಇಟ್ಟಿದ್ದಾರೆ. ಚೂಡಿದಾರದಲ್ಲೇ ಬರಬಹುದು, ಯಾರೂ ಏನೂ ಅನ್ನುವುದಿಲ್ಲ. ನನ್ನಂಥ ಆಫೀಸಿನವರು ಬೆಳಿಗ್ಗೆ ಹೋಗುತ್ತೇವೆ.

ಟ್ರೈನರ್ ಹುಡುಗಿ ಚಿಕ್ಕವಳು, ಕೆಲಸ ಗೊತ್ತು. ಸೇರಿದ ದಿನ ಮೆಷಿನ್ ಮುಟ್ಟಲು ಬಿಡಲಿಲ್ಲ. ಬಿಪಿ ನೋಡಿದಳು, ಮಂಡಿ ನೋವು ಇದೆಯಾ, ಯಾವ ಮಾತ್ರೆ ನುಂಗುತ್ತೀರಿ ಅಂತ ಬರೆದುಕೊಂಡಳು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಕೈ ಎದೆ ಮೇಲೆ ಕಟ್ಟಿಕೊಂಡು, ಏನೂ ಹಿಡಿಯದೆ ಏಳಬೇಕು, ನಿಧಾನವಾಗಿ ಕೂರಬೇಕು. ನನ್ನ ಪಕ್ಕದಲ್ಲಿದ್ದ ಆಂಟಿ ನಾಲ್ಕನೇ ಸಲಕ್ಕೆ ಕುರ್ಚಿ ತೋಳು ಹಿಡಿದರು. “ಆಂಟಿ, ಉಸಿರು ಕಟ್ಟಬೇಡ್ರಿ, ಬಾಯಿ ಬಿಟ್ಟು ಎಣಿಸಿಕೊಂತ ಏಳ್ರಿ” ಅಂದಳು. ಉಸಿರು ಕಟ್ಟಿದರೆ ಬಿಪಿ ಏರುತ್ತದೆ ಅಂತ ಕಾರಣವನ್ನೂ ಹೇಳಿದಳು. ಅದೇ ಆಂಟಿ ಈಗ ಎರಡು ಕೈಯಲ್ಲಿ ಎರಡೆರಡು ಕೆಜಿ ಡಂಬೆಲ್ ಹಿಡಿದು ಎದ್ದು ಕೂರುತ್ತಾರೆ. ಮಹಡಿ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನೂ ಬಿಟ್ಟಿದ್ದಾರೆ.

ಸುಮ್ನೆ ಕುಂದವಾಡ ಕೆರೆ ಸುತ್ತ ವಾಕ್ ಮಾಡಿದರೆ ಸಾಲದಾ? ತುಂಬಾ ಒಳ್ಳೆಯದು, ಖರ್ಚೂ ಇಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಅಂತಲೂ ಹೇಳುತ್ತದೆ. ಆ ಎರಡನೇ ಮಾತು ಯಾರ ಕಿವಿಗೂ ಬಿದ್ದಿಲ್ಲ. ಮತ್ತೆ, ಕೆರೆಗೆ ಹೋಗಿ ಬರಲು ಗಾಡಿ ಬೇಕು, ಕತ್ತಲಲ್ಲಿ ಒಬ್ಬರೇ ಹೋಗಲು ಧೈರ್ಯ ಬೇಕು.

ಇನ್ನು ಕೊರತೆಗಳು. ಎರಡು ಟ್ರೆಡ್‌ಮಿಲ್‌ನಲ್ಲಿ ಒಂದು ಕೆಟ್ಟು ಕೂತಿದೆ. ಏಸಿ ಇಲ್ಲ, ಏಪ್ರಿಲ್‌ನಲ್ಲಿ 11ರ ಬ್ಯಾಚಿನವರ ಪಾಡು ನೋಡಲಾಗುವುದಿಲ್ಲ. ಹಾಡಿನ ಸೌಂಡು ಜಾಸ್ತಿ. ಕೌಂಟರಿನಲ್ಲಿ ಪ್ರೋಟೀನ್ ಪುಡಿ ಡಬ್ಬ ಇಟ್ಟು, ತಗೊಳ್ಳಿ ತಗೊಳ್ಳಿ ಅಂತ ಹಿಂದೆ ಬೀಳುತ್ತಾರೆ. ಇದು ತಪ್ಪು. ಶುಗರ್, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತಗೊಳ್ಳಲೇಬೇಡಿ. ವರ್ಷದ ಆಫರ್ 8,000 ಅಂತ ಬೋರ್ಡ್ ಹಾಕಿದ್ದಾರೆ, ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಇಲ್ಲ. ಮೊದಲು ಒಂದು ತಿಂಗಳದ್ದು ಮಾತ್ರ ಕಟ್ಟಿ.

ಸರ್ಕಾರದ ಮೇಲೂ ನನಗೊಂದು ಬೇಜಾರಿದೆ. ಹಳೇ ಆದಾಯ ತೆರಿಗೆ ಪದ್ಧತಿಯ 80ಡಿ ಸೆಕ್ಷನ್ ಅಡಿ ಆರೋಗ್ಯ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಕೊಟ್ಟರು. ಕಾಯಿಲೆ ಇದೆಯಾ ಅಂತ ನೋಡಿಸಿಕೊಂಡರೆ ವಿನಾಯಿತಿ, ಬರದ ಹಾಗೆ ಮೈ ಬಗ್ಗಿಸಿದರೆ ಇಲ್ಲ. ಜಿಮ್ ಫೀಸಿಗೂ ಅಷ್ಟು ಕೊಡಬೇಕಿತ್ತು.

ನನ್ನ ಪ್ರಕಾರ ಐದಕ್ಕೆ ನಾಲ್ಕು ಸ್ಟಾರ್. ಸಂಜೆ 7ಕ್ಕೆ ಒಂದು ಬ್ಯಾಚ್ ಶುರು ಮಾಡಿ ಅಂತ ನಾವು ಕೆಲವರು ಕೇಳಿದ್ದೇವೆ. ಹದಿನೈದು ಜನ ಆದರೆ ಮಾಡುತ್ತೇವೆ ಅಂದಿದ್ದಾರೆ. ಬ್ಯಾಂಕು, ಶಾಲೆ, ಅಂಗಡಿಯಲ್ಲಿ ದುಡಿಯುವ ಅಕ್ಕತಂಗಿಯರು ಒಮ್ಮೆ ಹೋಗಿ ಕೌಂಟರಿನ ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿ. ಈಗ ಒಂಬತ್ತು ಹೆಸರು ಆಗಿವೆ.