ಮಾರ್ವೆಲ್‌ನ ಹಳೇ ಟ್ರಾನ್ಸ್‌ಫಾರ್ಮರ್ಸ್ ಕಾಮಿಕ್ಸ್, ಕೊನೆಯ ಸಂಪುಟಗಳು: ಹಲವು ವರ್ಷ ಓದಿದ ಮೇಲೆ

ಹೊಸ ಪುಸ್ತಕ ಕೈಗೆ ಬಂದ ವಾರದಲ್ಲೇ ಬರೆಯುವ ವಿಮರ್ಶೆಗಳಿಂದ ಇಂಥ ಸರಣಿಗೆ ಏನೂ ಪ್ರಯೋಜನ ಇಲ್ಲ. ಇದು ಮೊದಲ ಓದಿಗೆ ಒಂದು ಥರ ಕಾಣುತ್ತದೆ, ನಾಲ್ಕನೇ ಓದಿಗೆ ಬೇರೆ ಥರ ಕಾಣುತ್ತದೆ. ಈ ಮರುಮುದ್ರಣದ ಸಂಪುಟಗಳು ನನ್ನ ಹತ್ತಿರ ಹಲವು ವರ್ಷಗಳಿಂದ ಇವೆ. ಕೊನೆಯ ಎರಡನ್ನಂತೂ ಎಷ್ಟು ಸಲ ತೆಗೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳುತ್ತೇನೆ: ಕೊಳ್ಳಿ. 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಯಾಕೆ ಹೋಯಿತು ಅಂತ ಕೆಳಗೆ ಬರೆದಿದ್ದೇನೆ. ಕಥೆಯನ್ನೂ ಪೂರ್ತಿ ಹೇಳಿದ್ದೇನೆ. 1991ರಲ್ಲಿ ಮುಗಿದ ಕಥೆ, ಗೊತ್ತಾದರೂ ಓದುವ ಸುಖ ಕಡಿಮೆಯಾಗುವುದಿಲ್ಲ.

ಹಿನ್ನೆಲೆ ಬೇಗ ಮುಗಿಸುತ್ತೇನೆ. 1984ರಲ್ಲಿ ಬರೀ ನಾಲ್ಕು ಸಂಚಿಕೆಯ ಕಿರುಸರಣಿಯಾಗಿ ಶುರುವಾಗಿದ್ದು ಇದು. ರೂಪ ಬದಲಿಸಿ ವಾಹನವೋ ಇನ್ನೊಂದೋ ಆಗುವ ರೋಬಾಟ್ ಆಟಿಕೆಗಳನ್ನು ಮಾರೋದಕ್ಕೆ ಬಂದ ಕಾಮಿಕ್ಸ್, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಿಲ್ಲದೆ 80ನೇ ಸಂಚಿಕೆವರೆಗೆ ಬಂತು. ಕೊನೆಯ ಸಂಚಿಕೆಯ ಮುಖಪುಟದಲ್ಲಿ 'ನಾಲ್ಕು ಸಂಚಿಕೆಗಳ ಸರಣಿಯಲ್ಲಿ 80ನೆಯದು' ಅಂತ ಅವರೇ ಹಾಕಿಕೊಂಡಿದ್ದರು. ಮೊದಲ ಭಾಗದ ಬಹುಪಾಲು ಬರೆದವರು ಬಾಬ್ ಬುಡಿಯಾನ್ಸ್ಕಿ. ಆ ಪಾತ್ರಗಳಲ್ಲಿ ಬಹಳಷ್ಟಕ್ಕೆ ಹೆಸರು, ಸ್ವಭಾವ ಕೊಟ್ಟವರೂ ಅವರೇ. 56ನೇ ಸಂಚಿಕೆಯಿಂದ ಸೈಮನ್ ಫರ್ಮನ್ ಬಂದರು. ಬ್ರಿಟನ್ನಿನ ವಾರಪತ್ರಿಕೆಗೆ ಇದೇ ಪಾತ್ರಗಳ ಕಥೆ ಬರೆಯುತ್ತಿದ್ದವರು. ಅಲ್ಲಿಂದ ಸರಣಿಯ ಬಣ್ಣವೇ ಬದಲಾಗುತ್ತದೆ. ದುಡ್ಡು ಕಡಿಮೆ ಇದ್ದರೆ 56ರಿಂದ ಶುರುವಾಗುವ ಭಾಗ ಕೊಂಡರೆ ಸಾಕು. ಇನ್ನೂ ಕಡಿಮೆ ಇದ್ದರೆ 61ರಿಂದ. ಅದಕ್ಕಿಂತ ಆಚೆ ಹಾರಬೇಡಿ, ದಯವಿಟ್ಟು.

61 ಯಾಕೆ ಮುಖ್ಯ ಅಂದರೆ, ಮುಂದೆ ಬರುವ ಗಂಡಾಂತರದ ಬೀಜ ಅಲ್ಲಿದೆ. ಈ ರೋಬಾಟ್‌ಗಳ ತಾಯ್ನೆಲ ಸೈಬರ್ಟ್ರಾನ್. ಇಡೀ ಗ್ರಹವೇ ಲೋಹದ್ದು. ಆ ಗ್ರಹವೇ ಪ್ರೈಮಸ್ ಅನ್ನೋ ದೇವರ ಮೈ. ಅವನ ಹಳೇ ವೈರಿ ಯೂನಿಕ್ರಾನ್, ಗ್ರಹಗಳನ್ನು ನುಂಗುವವನು. ಇಬ್ಬರೂ ಕಾದಾಡಿ ಕಾದಾಡಿ ಕೊನೆಗೆ ಒಂದೊಂದು ಬಂಡೆಯೊಳಗೆ ಸಿಕ್ಕಿಹಾಕಿಕೊಂಡವರು. ಪ್ರೈಮಸ್ ತನ್ನ ಬಂಡೆಯನ್ನು ಸೈಬರ್ಟ್ರಾನ್ ಮಾಡಿಕೊಂಡ, ಯೂನಿಕ್ರಾನ್ ಎಂದಾದರೂ ಬಂದರೆ ಎದುರಿಸಲಿ ಅಂತ ಟ್ರಾನ್ಸ್‌ಫಾರ್ಮರ್‌ಗಳನ್ನು ಹುಟ್ಟಿಸಿದ. ಅಂದರೆ ಅವರ ಎರಡು ಬಣಗಳು, ಒಳ್ಳೆಯವರಾದ ಆಟೋಬಾಟ್, ಕೆಟ್ಟವರಾದ ಡಿಸೆಪ್ಟಿಕಾನ್, ಇಬ್ಬರೂ ಒಂದೇ ಕೆಲಸಕ್ಕೆ ಹುಟ್ಟಿದವರು. ಹುಟ್ಟಿದ ಕಾರಣ ಮರೆತು ಲಕ್ಷಾಂತರ ವರ್ಷ ಹೊಡೆದಾಡುತ್ತಾರೆ. ಆ ಹೊಡೆದಾಟ ಗ್ರಹದ ಒಡಲಿಗೂ ಇಳಿಯುತ್ತದೆ, ಮಲಗಿದ್ದ ಪ್ರೈಮಸ್‌ಗೆ ಏಟು ಬೀಳುತ್ತದೆ, ಅವನು ಕಿರುಚುತ್ತಾನೆ, ಆ ಕೂಗು ದೂರದಲ್ಲಿದ್ದ ಯೂನಿಕ್ರಾನ್‌ಗೆ ಕೇಳಿಸುತ್ತದೆ. ಶತ್ರುವಿಗೆ ವಿಳಾಸ ಕೊಟ್ಟಿದ್ದೇ ಇವರ ಜಗಳ. ಮೊದಲ ಸಲ ಓದುವಾಗ ಇದು ಒಂದು ಸಣ್ಣ ತಿರುವು ಅನ್ನಿಸುತ್ತದೆ, ಮತ್ತೆ ಓದುವಾಗ ಮುಂದಿನ ಇಪ್ಪತ್ತು ಸಂಚಿಕೆಯ ಭಾರ ಇದರ ಮೇಲೇ ನಿಂತಿದೆ ಅಂತ ಗೊತ್ತಾಗುತ್ತದೆ.

ಈಗ ನಾನು ಹೇಳಲೇಬೇಕಾದ ಭಾಗ. ವೈರಿಗಳು ಒಂದಾಗುವ ಕಥೆ ಬೇಕಾದಷ್ಟಿವೆ. ಬಹಳ ಕಡೆ ದೊಡ್ಡ ಶತ್ರು ಬರುತ್ತಾನೆ, ಇಬ್ಬರು ನಾಯಕರು ಮುಖ ಮುಖ ನೋಡಿಕೊಳ್ಳುತ್ತಾರೆ, ಕೈ ಕುಲುಕುತ್ತಾರೆ, ಮುಂದಿನ ಪುಟದಲ್ಲಿ ಎಲ್ಲರೂ ಸಾಲಾಗಿ ನಿಂತು ಗುಂಡು ಹಾರಿಸುತ್ತಿರುತ್ತಾರೆ. ಇಲ್ಲಿ ಹಾಗಿಲ್ಲ. 71ನೇ ಸಂಚಿಕೆಯಲ್ಲಿ ಆಟೋಬಾಟ್ ನಾಯಕ ಆಪ್ಟಿಮಸ್ ಪ್ರೈಮ್ ಡಿಸೆಪ್ಟಿಕಾನ್ ನಾಯಕ ಸ್ಕಾರ್ಪೊನಾಕ್‌ಗೆ ಶರಣಾಗುತ್ತಾನೆ. ಸಂಧಾನ ಅಲ್ಲ, ಒಪ್ಪಂದ ಅಲ್ಲ, ಶರಣಾಗತಿ. ಯೂನಿಕ್ರಾನ್ ಬರುತ್ತಿದ್ದಾನೆ, ಸಮಯ ಇಲ್ಲ, ಮಾತುಕತೆಗೆ ಕೂತರೆ ಯಾರು ಮುಂದಾಳು, ಯಾರ ಮಾತು ನಡೆಯಬೇಕು ಅಂತ ಶುರುವಾಗುತ್ತದೆ. ಅದಕ್ಕೆ ಅವನು ಆ ಪ್ರಶ್ನೆಯನ್ನೇ ತೆಗೆದುಹಾಕುತ್ತಾನೆ. ನೀನೇ ನಾಯಕ, ನಾನು ಸೋತೆ, ಈಗ ನಡಿ. ಇಷ್ಟೇ ಅವನ ಲೆಕ್ಕ.

ಇದಕ್ಕೆ ಎಷ್ಟು ಧೈರ್ಯ ಬೇಕು ಅಂತ ಯೋಚಿಸಿ. ಅವನ ಕಡೆಯವರು ಇಷ್ಟು ಕಾಲ ಸತ್ತಿದ್ದು ಇದೇ ಡಿಸೆಪ್ಟಿಕಾನ್‌ಗಳ ಕೈಯಲ್ಲಿ. ಅವನವರಲ್ಲೇ ಎಷ್ಟೋ ಜನರಿಗೆ ಇದು ದ್ರೋಹದ ಹಾಗೆ ಕಾಣುತ್ತದೆ, ಅವರ ಸಿಟ್ಟನ್ನು ಕಥೆ ಸುಮ್ನೆ ತಳ್ಳಿಹಾಕುವುದಿಲ್ಲ. ಆ ಕಡೆ ಸ್ಕಾರ್ಪೊನಾಕ್‌ಗೂ ನೆಮ್ಮದಿ ಇಲ್ಲ. ಕೇಳದೇ ಸಿಕ್ಕ ಗೆಲುವನ್ನು ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗುವುದಿಲ್ಲ. ಅವನ ಕಡೆಯವನೇ ಆದ ಶಾಕ್‌ವೇವ್ ಇದೇ ಸಮಯ ನೋಡಿ ತಿರುಗಿಬೀಳುತ್ತಾನೆ, ಡಿಸೆಪ್ಟಿಕಾನ್‌ಗಳೇ ಎರಡು ಬಣವಾಗಿ ಬಡಿದಾಡುತ್ತಾರೆ. ಎದುರಾಳಿ ಜೊತೆ ಒಂದಾಗೋಕೆ ಹೊರಟವನು ಮೊದಲು ಎದುರಿಸಬೇಕಾದ್ದು ತನ್ನ ಮನೆಯವರನ್ನೇ ಅನ್ನೋದು 71, 72ರಲ್ಲಿ ಬಂದಿರುವಷ್ಟು ಚೆನ್ನಾಗಿ ನಾನು ಬೇರೆ ಯಾವ ರೋಬಾಟ್ ಕಥೆಯಲ್ಲೂ ಓದಿಲ್ಲ. ಆಸ್ತಿ ವ್ಯಾಜ್ಯದಲ್ಲಿರುವ ಅಣ್ಣತಮ್ಮಂದಿರಲ್ಲಿ ಒಬ್ಬ ಕೇಸು ವಾಪಸ್ ತೆಗೆದುಕೊಳ್ಳುತ್ತೇನೆ ಅಂದರೆ ಮೊದಲು ಜಗಳ ಆಗುವುದು ಅವನ ಹೆಂಡತಿ ಮಕ್ಕಳ ಜೊತೆಗೇ, ಹಾಗೆಯೇ ಇದು.

ಸ್ಕಾರ್ಪೊನಾಕ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಡಿಸೆಪ್ಟಿಕಾನ್ ನಾಯಕ ಅಂದರೆ ಎಲ್ಲರೂ ಮೆಗಾಟ್ರಾನ್ ಮೆಗಾಟ್ರಾನ್ ಅನ್ನುತ್ತಾರೆ. ನನಗೆ ಈ ಸರಣಿಯ ಅತಿ ಒಳ್ಳೆಯ ಡಿಸೆಪ್ಟಿಕಾನ್ ಇವನೇ. ಇವನ ತಲೆಯೇ ಬೇರೊಂದು ಜೀವ, ಝಾರಕ್ ಅಂತ ಹೆಸರು, ಇಬ್ಬರ ಮನಸ್ಸೂ ಒಂದಕ್ಕೊಂದು ಬೆಸೆದುಕೊಂಡಿದೆ. ಅದರಿಂದಲೋ ಏನೋ ಇವನಿಗೆ ಅನುಮಾನ, ಹೆದರಿಕೆ, ನಾಚಿಕೆ ಎಲ್ಲ ಇವೆ. ತಾನು ದೊಡ್ಡ ನಾಯಕ ಅಲ್ಲ ಅನ್ನೋದು ಅವನಿಗೇ ಗೊತ್ತು. ಅಂಥವನ ಪಕ್ಕ ಆಪ್ಟಿಮಸ್ ನಿಂತಾಗ, ನಿಧಾನವಾಗಿ ಆ ಎತ್ತರಕ್ಕೆ ಏರೋಕೆ ಪ್ರಯತ್ನ ಮಾಡುತ್ತಾನೆ. 75ರಲ್ಲಿ ಯೂನಿಕ್ರಾನ್ ಮೇಲೆ ನುಗ್ಗಿ ಸಾಯುತ್ತಾನೆ. ಸಾಯುವಾಗ ಹತ್ತಿರ ಇರುವವನು ಆಪ್ಟಿಮಸ್. ಆ ಒಂದು ಪುಟಕ್ಕೆ ನಾನು ಈ ಸಂಪುಟಕ್ಕೆ ಕೊಟ್ಟ ದುಡ್ಡು ಸಂದಿದೆ.

75 ಬಂದಿದ್ದು 1991ರ ಫೆಬ್ರವರಿ ಸಂಚಿಕೆಯಾಗಿ. ಮಾಮೂಲಿಗಿಂತ ಜಾಸ್ತಿ ಪುಟ. ಚಿತ್ರ ಜೆಫ್ ಸೀನಿಯರ್ ಅವರದು. ಯೂನಿಕ್ರಾನ್ 1986ರ ಸಿನಿಮಾದಿಂದಲೇ ಪರಿಚಿತ, ಅಲ್ಲಿ ಅವನಿಗೆ ದನಿ ಕೊಟ್ಟವರು ಆರ್ಸನ್ ವೆಲ್ಸ್. ಆದರೆ ಅವನು ನಿಜಕ್ಕೂ ಎಷ್ಟು ದೊಡ್ಡವನು ಅಂತ ನನಗೆ ಅನ್ನಿಸಿದ್ದು ಈ ಪುಟಗಳಲ್ಲಿ. ಸೀನಿಯರ್ ಗೆರೆ ಕಡಿಮೆ, ವೇಗ ಜಾಸ್ತಿ. ರೋಬಾಟ್‌ಗಳು ನಿಂತಲ್ಲಿ ನಿಂತಿರುವುದಿಲ್ಲ, ಯಾವಾಗಲೂ ಯಾವುದೋ ಕಡೆ ಬೀಳುತ್ತಿರುತ್ತವೆ, ಹಾರುತ್ತಿರುತ್ತವೆ, ಮುರಿಯುತ್ತಿರುತ್ತವೆ. ಪ್ರೈಮಸ್ ಎಮಿರೇಟ್ ಜಾರಾನ್ ಅನ್ನೋ ಹಳೇ ಆಟೋಬಾಟ್‌ನ ಮೈಯಲ್ಲಿ ಬಂದು ಎದುರಿಸುತ್ತಾನೆ, ಅವನೂ ಹೋಗುತ್ತಾನೆ. ದೇವರೇ ಸೋತ ಮೇಲೆ ಉಳಿದವರು ಏನು ಮಾಡಬೇಕು ಅನ್ನೋ ಪ್ರಶ್ನೆ ಬರುತ್ತದಲ್ವಾ, ಅಲ್ಲಿಂದ ಕೊನೆಯವರೆಗೆ ನಾನು ಪ್ರತಿ ಸಲವೂ ಒಂದೇ ಉಸಿರಿಗೆ ಓದುತ್ತೇನೆ. ಕೊನೆಗೆ ಆಪ್ಟಿಮಸ್ ಪ್ರೈಮಸ್‌ನ ಜೀವಶಕ್ತಿ ತುಂಬಿದ ಮ್ಯಾಟ್ರಿಕ್ಸ್ ತೆರೆಯುತ್ತಾನೆ, ಯೂನಿಕ್ರಾನ್ ನಾಶವಾಗುತ್ತಾನೆ, ಆಪ್ಟಿಮಸ್ ಕೂಡ ಉಳಿಯುವುದಿಲ್ಲ. ಸಾಯುವ ಮೊದಲು ತನ್ನ ಕಡೆಯ ಗ್ರಿಮ್‌ಲಾಕ್‌ಗೆ ಜವಾಬ್ದಾರಿ ಬಿಟ್ಟುಹೋಗುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯ ಕಥೆ ಆಗುತ್ತಿತ್ತು. ನಾನು ಇದನ್ನು ವರ್ಷಗಟ್ಟಲೆ ಮತ್ತೆ ಮತ್ತೆ ತೆಗೆಯೋದು ಮಾತ್ರ ಇದಾದ ಮೇಲಿನ ಐದು ಸಂಚಿಕೆಗಳಿಂದ. ಯಾಕೆಂದರೆ ಒಗ್ಗಟ್ಟು ಉಳಿಯುವುದಿಲ್ಲ. ಅದನ್ನು ಹಿಡಿದಿಟ್ಟಿದ್ದ ಇಬ್ಬರೂ ಸತ್ತಿದ್ದಾರೆ. ಆ ಕಡೆ ಬ್ಲಜನ್ ಅನ್ನೋ ಕ್ರೂರಿ ನಾಯಕನಾಗುತ್ತಾನೆ, ಈ ಕಡೆ ಗ್ರಿಮ್‌ಲಾಕ್, ಅವನಿಗೆ ತಾಳ್ಮೆ ಅಂದರೇನು ಅಂತಲೇ ಗೊತ್ತಿಲ್ಲ. ಪ್ರೈಮಸ್ ಇಲ್ಲದ ಸೈಬರ್ಟ್ರಾನ್ ನಡುಗಿ ಸೀಳುತ್ತಿದೆ. ನಿನ್ನೆ ಹೆಗಲಿಗೆ ಹೆಗಲು ಕೊಟ್ಟವರನ್ನು ಆ ಸಾಯುತ್ತಿರುವ ಗ್ರಹದಲ್ಲಿ ಬಿಟ್ಟು ಡಿಸೆಪ್ಟಿಕಾನ್‌ಗಳು ಹೊರಟುಹೋಗುತ್ತಾರೆ. ಚಿಕ್ಕವನಿದ್ದಾಗ ಓದಿದ್ದರೆ ನನಗೆ ಇದು ಬೇಜಾರು ತರಿಸುತ್ತಿತ್ತೇನೋ. ಈಗ ಓದುವಾಗ ಇದು ಪ್ರಾಮಾಣಿಕ ಬರವಣಿಗೆ ಅನ್ನಿಸುತ್ತದೆ. ಶತ್ರು ಹೋದ ಮೇಲೂ ಜೊತೆಗಿರೋದಕ್ಕೆ ಬೇರೆ ಕಾರಣ ಬೇಕು, ಆ ಕಾರಣ ಕಟ್ಟೋಕೆ ಯಾರಿಗೂ ಸಮಯ ಸಿಗಲಿಲ್ಲ. ಆಪ್ಟಿಮಸ್‌ಗೆ ಇದು ಗೊತ್ತಿತ್ತಾ? ಗೊತ್ತಿದ್ದೂ ಶರಣಾದನಾ? ನನ್ನ ಪ್ರಕಾರ ಗೊತ್ತಿತ್ತು. 71ನ್ನು ಮತ್ತೆ ಓದಿ ನೋಡಿ, ಅವನ ಮಾತಿನಲ್ಲಿ ಗೆಲ್ಲುವ ಖುಷಿ ಎಲ್ಲೂ ಇಲ್ಲ.

ಈಗ ಕಳೆದ ಆ ಒಂದು ಅಂಕ. ಕೊನೆ ಅವಸರದಲ್ಲಿ ಮುಗಿಯುತ್ತದೆ. ಸರಣಿ ನಿಲ್ಲುತ್ತಿದೆ ಅನ್ನೋದು ಪುಟಪುಟದಲ್ಲೂ ತಿಳಿಯುತ್ತದೆ. 79, 80ರಲ್ಲಿ ಆಗುವ ಕೆಲಸಕ್ಕೆ ಹತ್ತು ಸಂಚಿಕೆ ಬೇಕಿತ್ತು. ಆಪ್ಟಿಮಸ್ ವಾಪಸ್ ಬರುವ ರೀತಿ, ಕ್ಲೋ ಅನ್ನೋ ಗ್ರಹದ ಮೇಲಿನ ಕೊನೆಯ ಯುದ್ಧ, ಎಲ್ಲ ಓಡಿಕೊಂಡು ಬಂದು ಓಡಿಕೊಂಡು ಹೋಗುತ್ತದೆ. ನಡುವೆ ಬರುವ ಮನುಷ್ಯ ಸೂಪರ್‌ಹೀರೋಗಳ ತಂಡವೂ ನನಗೆ ಇವತ್ತಿಗೂ ಹಿಡಿಸಿಲ್ಲ. ಅವರಲ್ಲಿ ಸರ್ಕಿಟ್ ಬ್ರೇಕರ್ ಒಬ್ಬಳಿಗೆ ತೂಕ ಇದೆ. ಡಿಸೆಪ್ಟಿಕಾನ್‌ಗಳಿಂದ ಮೈ ಸ್ವಾಧೀನ ಕಳೆದುಕೊಂಡವಳು, ರೋಬಾಟ್ ಅಂದರೆ ಸಾಕು ದ್ವೇಷಿಸುವವಳು, ಅಂಥವಳು ಅವರ ಪಕ್ಕ ನಿಲ್ಲುವುದಕ್ಕೆ ಅರ್ಥ ಇದೆ. ಉಳಿದವರು ಜಾಗ ತಿನ್ನುತ್ತಾರೆ ಅಷ್ಟೇ.

ಬಣ್ಣದ ಬಗ್ಗೆ ಬಹಳ ಜನ ದೂರುತ್ತಾರೆ. ಹಿಂದೆ ನಿಂತ ಪಾತ್ರಗಳಿಗೆಲ್ಲ ಒಂದೇ ನೇರಳೆ ಅಥವಾ ಒಂದೇ ಹಳದಿ ಬಳಿದಿರುವುದು ಹೌದು. ಆ ಕಾಲದ ಕಾಮಿಕ್ಸ್‌ಗೆ ಇದ್ದ ಸಮಯ, ಮುದ್ರಣದ ಮಿತಿ ಅಂಥದ್ದು. ನನಗೆ ಅಭ್ಯಾಸ ಆಗಿಬಿಟ್ಟಿದೆ, ಗುಂಪಿನ ದೃಶ್ಯಗಳಲ್ಲಿ ಮುಂದೆ ಇರುವವರ ಮೇಲೆ ಕಣ್ಣು ನಿಲ್ಲೋದಕ್ಕೆ ಇದರಿಂದ ಸಹಾಯವೇ ಆಗುತ್ತದೆ. 69ರಿಂದ 74ರವರೆಗೆ ಆಂಡ್ರ್ಯೂ ವೈಲ್ಡ್‌ಮನ್ ಚಿತ್ರಗಳಿವೆ. ಅವರು ರೋಬಾಟ್ ಮುಖಗಳಿಗೆ ಹಲ್ಲು, ಸುಕ್ಕು, ಜೊಲ್ಲು ಎಲ್ಲ ಕೊಡುತ್ತಾರೆ. ಕೆಲವರಿಗೆ ಅಸಹ್ಯ, ನನಗೆ ಬಹಳ ಇಷ್ಟ. ನೋವು ಕಾಣಬೇಕಾದ ಕಡೆ ನೋವು ಕಾಣುತ್ತದೆ.

ಪುಸ್ತಕದ ಬಾಳಿಕೆಗೆ ಬರೋಣ. ಒಂದು ಸಂಪುಟವನ್ನು ಸೆಕೆಂಡ್ ಹ್ಯಾಂಡ್ ಮಾರುವವರೊಬ್ಬರಿಂದ ತರಿಸಿದ್ದೆ, ಹೊಸದರ ಹಾಗಿದೆ ಅಂದಿದ್ದರು, ಬಂದಾಗ ಬೆನ್ನಿನ ಅಂಟು ಬಿಟ್ಟಿತ್ತು. ವಾಪಸ್ ಕಳಿಸೋಕೆ ಆಗುವ ಖರ್ಚು ನೋಡಿ ಇಟ್ಟುಕೊಂಡೆ. ಆಮೇಲೆ ಬೈಂಡಿಂಗ್ ಮಾಡುವವರ ಹತ್ತಿರ ಹೊಲಿಸಿದೆ, ಈಗ ಉಳಿದವಕ್ಕಿಂತ ಅದೇ ಗಟ್ಟಿ. ನೀವೂ ಹಳೇ ಪ್ರತಿ ಕೊಳ್ಳುವುದಾದರೆ ಬೆನ್ನಿನ ಫೋಟೋ ಕೇಳಿ, ಮುಖಪುಟದ ಫೋಟೋ ನೋಡಿ ಮೋಸ ಹೋಗಬೇಡಿ. ಮಳೆಗಾಲದಲ್ಲಿ ಗಾಜಿನ ಕಪಾಟಿನಲ್ಲಿ ಒತ್ತಾಗಿ ಜೋಡಿಸಬೇಡಿ, ನಯವಾದ ಹಾಳೆ ತೇವ ಕುಡಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಡುವೆ ಗಾಳಿ ಆಡುವಷ್ಟು ಜಾಗ ಬಿಡಿ. ಡಿಜಿಟಲ್ ಪ್ರತಿ ಅಗ್ಗ, ಓದೋಕೆ ತೊಂದರೆ ಇಲ್ಲ, ಆದರೆ ಫೋನಿನಲ್ಲಿ ಬೇಡ. 75ನೇ ಸಂಚಿಕೆಯನ್ನು ಒಂದೊಂದು ಚೌಕವಾಗಿ ನೋಡಿದರೆ ಯೂನಿಕ್ರಾನ್‌ನ ಗಾತ್ರವೇ ಕಳೆದುಹೋಗುತ್ತದೆ. ಟ್ಯಾಬ್ಲೆಟ್ ಆದರೂ ಇರಲಿ.

ಕಾಮಿಕ್ಸ್ ಓದುವ ಅಭ್ಯಾಸ ಇಲ್ಲದವರು ಇದೇ ಎಳೆಯನ್ನು ಟೀವಿಯಲ್ಲಿ ನೋಡಬಹುದು. 2002ರಲ್ಲಿ ಶುರುವಾದ ಆರ್ಮಾಡಾ, 52 ಕಂತು. ಅದರಲ್ಲೂ ಯೂನಿಕ್ರಾನ್ ಬರುತ್ತಾನೆ, ಎರಡೂ ಕಡೆಯವರು ಒಂದಾಗುತ್ತಾರೆ. ಡಿಸೆಪ್ಟಿಕಾನ್ ನಾಯಕನನ್ನು ಒಪ್ಪಿಸೋಕೆ ಅದೇ ಬಣದ ಸ್ಟಾರ್‌ಸ್ಕ್ರೀಮ್ ತನ್ನ ಜೀವ ಕೊಡುವ ಕಂತು ಬಹಳ ಚೆನ್ನಾಗಿದೆ. ಆದರೆ ಅಲ್ಲಿಗೆ ತಲುಪುವ ಮೊದಲು ತಾಳ್ಮೆ ಬೇಕು. ಇಂಗ್ಲಿಷ್ ಡಬ್ಬಿಂಗ್ ಅವಸರದ್ದು, ಹೆಸರುಗಳೇ ಅದಲುಬದಲಾಗುತ್ತವೆ. 2010ರ ಪ್ರೈಮ್ ಸರಣಿಯ ಮೊದಲ ಸೀಸನ್ ಕೊನೆಯಲ್ಲಿ ಆಪ್ಟಿಮಸ್, ಮೆಗಾಟ್ರಾನ್ ಜೊತೆಯಾಗಿ ಯೂನಿಕ್ರಾನ್‌ನನ್ನು ತಡೆಯುತ್ತಾರೆ. ನೋಡೋಕೆ ಸೊಗಸು. ಅಲ್ಲಿ ಗಂಡಾಂತರ ಇರುವುದು ಭೂಮಿಗೆ, ಯೂನಿಕ್ರಾನ್ ಇರುವುದೇ ಭೂಮಿಯ ಒಡಲಲ್ಲಿ. ತಾಯ್ನೆಲ ಕಳೆದುಕೊಳ್ಳುವ ಸಂಕಟ ಅದರಲ್ಲಿ ಸಿಗುವುದಿಲ್ಲ.

ಮಕ್ಕಳಿಗೆ ಕೊಡಬಹುದಾ ಅಂತ ಕೇಳುವವರಿಗೆ: ಹತ್ತು ಹನ್ನೆರಡು ವರ್ಷ ದಾಟಿದವರಿಗೆ ಧಾರಾಳವಾಗಿ ಕೊಡಿ. ಸಾವು ಬಹಳ ಇದೆ, ಇಷ್ಟವಾದ ಪಾತ್ರಗಳು ಹೇಳದೆ ಕೇಳದೆ ಹೋಗಿಬಿಡುತ್ತವೆ. ನನ್ನ ಅಕ್ಕನ ಮಗ ಸ್ಕಾರ್ಪೊನಾಕ್ ಸತ್ತ ಮೇಲೆ ಪುಸ್ತಕ ಮುಚ್ಚಿಟ್ಟಿದ್ದ, ಆಮೇಲೆ ಅವನೇ ಬಂದು ಮುಂದಿನ ಸಂಪುಟ ಕೇಳಿದ.

80 ಮುಗಿದ ಮೇಲೆ ಇನ್ನೂ ಬೇಕು ಅನ್ನಿಸಿದರೆ, 2012ರಿಂದ 2014ರವರೆಗೆ ಫರ್ಮನ್, ವೈಲ್ಡ್‌ಮನ್ ಇಬ್ಬರೂ ಸೇರಿ 81ರಿಂದ 100ರವರೆಗೆ ಮುಂದುವರಿಸಿದ್ದಾರೆ. ಅದನ್ನು ತಕ್ಷಣ ಕೊಳ್ಳಬೇಡಿ. ಮೊದಲು 71ರಿಂದ 80ರವರೆಗೆ ಇನ್ನೊಂದು ಸಲ ಓದಿ, ಆಮೇಲೆ ತರಿಸಿ.