ಟೊಮೆಟೊಗೆ ಮಣ್ಣು, ಕೋಕೋಪೀಟ್, ನೀರಿನ ಬಕೆಟ್: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮಣ್ಣಿನ ಪಕ್ಷ. ಕೊನೆಯವರೆಗೆ ಕಾದು ತೀರ್ಪು ಓದುವವರಿಗೆ ಇಲ್ಲಿ ಗುಟ್ಟೇನೂ ಇಲ್ಲ. ಆದರೆ ಈ ಪಕ್ಷಕ್ಕೆ ಬರುವ ಮುಂಚೆ ಒಂದು ಕೋಕೋಪೀಟ್ ಇಟ್ಟಿಗೆಯ (ಒತ್ತಿ ಗಟ್ಟಿ ಮಾಡಿದ ತೆಂಗಿನ ನಾರಿನ ಪುಡಿ) ಜೊತೆ ಮೂರು ತಿಂಗಳು ಗುದ್ದಾಡಿದ್ದೇನೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಪೊಟ್ಟಣದ ಬೀಜ, ಆರು ಗಿಡ. ಎರಡು ಮಣ್ಣಿನ ಮಿಶ್ರಣದಲ್ಲಿ, ಎರಡು ಬರೀ ಕೋಕೋಪೀಟ್‌ನಲ್ಲಿ, ಎರಡು 20 ಲೀಟರಿನ ಬಕೆಟ್‌ಗಳಲ್ಲಿ, ಅಂದರೆ ಗೊಬ್ಬರ ಕರಗಿಸಿದ ನೀರಿನಲ್ಲಿ. ಎಲ್ಲಕ್ಕೂ ಒಂದೇ ಗೋಡೆಯ ಪಕ್ಕದ ಬಿಸಿಲು, ದಿನಕ್ಕೆ ಆರೇಳು ಗಂಟೆ. ನನ್ನ ಸ್ವಭಾವವನ್ನೂ ಹೇಳಬೇಕು, ಯಾಕೆಂದರೆ ತೀರ್ಪು ನಿಂತಿರುವುದು ಅದರ ಮೇಲೇ. ಬೆಳಿಗ್ಗೆ ಹತ್ತು ನಿಮಿಷ ಗಿಡಗಳಿಗೆ ಕೊಡಬಲ್ಲೆ. ಸಂಜೆ ಮರೆಯುತ್ತೇನೆ. ಆಗಾಗ ಎರಡು ದಿನ ಮನೆಯಲ್ಲೇ ಇರುವುದಿಲ್ಲ. ಮೀಟರ್ ಅದ್ದಿ ಅಳೆಯುವ ಕೆಲಸ ನನಗೆ ಮೊದಲ ವಾರ ಖುಷಿ, ಆಮೇಲೆ ಬೇಜಾರು.

ಬೀಜದ ಹಂತದಲ್ಲಿ ಕೋಕೋಪೀಟ್‌ಗೆ ಸಾಟಿ ಇಲ್ಲ, ಇದನ್ನು ಒಪ್ಪಲೇಬೇಕು. ಹಗುರ, ನೀರನ್ನೂ ಹಿಡಿದುಕೊಳ್ಳುತ್ತದೆ, ಗಾಳಿಗೂ ಜಾಗ ಬಿಡುತ್ತದೆ, ಕೂದಲೆಳೆಯಷ್ಟು ಸಣ್ಣ ಬೇರು ಸಲೀಸಾಗಿ ಇಳಿಯುತ್ತದೆ. ಅರ್ಧ ಸೆಂಟಿಮೀಟರ್ ಆಳದಲ್ಲಿ ಇಟ್ಟ ಬೀಜ 6ನೇ ದಿನಕ್ಕೇ ಕತ್ತೆತ್ತಿತು. ಮಣ್ಣಿನಲ್ಲಿ 8 ದಿನ ಬೇಕಾಯಿತು. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಮಣ್ಣಿನಲ್ಲಿ ಹುಟ್ಟಿದ ಸಸಿಗಳಲ್ಲಿ ಎರಡಕ್ಕೆ ಬುಡ ದಾರದ ಹಾಗೆ ತೆಳುವಾಗಿ ಒಂದೇ ರಾತ್ರಿಯಲ್ಲಿ ಮಲಗಿಬಿಟ್ಟವು. ಇದು ಮಣ್ಣಿನಲ್ಲಿರುವ ಶಿಲೀಂಧ್ರಗಳ ಕೆಲಸ, ನೀರು ಜಾಸ್ತಿಯಾಗಿ ಗಾಳಿ ಆಡದಿದ್ದರೆ ಅವಕ್ಕೆ ಹಬ್ಬ. ತಪ್ಪು ನನ್ನದೇ, ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಿದ್ದೆ. ಹೆಚ್ಚುವರಿ ಬೀಜ ಹಾಕಿದ್ದರಿಂದ ಲೆಕ್ಕ ಸರಿಹೋಯಿತು. ಬಕೆಟ್ ಗಿಡಗಳಿಗೆ ಸ್ಪಂಜಿನ ತುಂಡಿನಲ್ಲಿ ಮೊಳಕೆ ಬರಿಸಿದೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಬೀಜದೆಲೆ ದಾಟಿ ನಿಜವಾದ ಎಲೆ ಬರುವ ಹೊತ್ತಿಗೆ ಇಟ್ಟಿಗೆ ತನ್ನ ಬುದ್ಧಿ ತೋರಿಸಿತು. ಕೋಕೋಪೀಟ್ ಸಸಿಗಳ ಎಲೆಯಂಚು ಸುಟ್ಟ ಕಾಗದದ ಹಾಗೆ ಕಂದು. ಇಟ್ಟಿಗೆಯ ಪೊಟ್ಟಣದ ಮೇಲೆ ‘ತೊಳೆದದ್ದು’ ಎಂದು ದೊಡ್ಡದಾಗಿ ಬರೆದಿತ್ತು, ನಾನು ನಂಬಿದೆ. ನೆನೆಸಿದ ಪುಡಿಯನ್ನು ಹಿಂಡಿ, ಆ ನೀರಿಗೆ ಇ.ಸಿ. ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಎಷ್ಟು ಅಂತ ತೋರಿಸುವುದು) ಅದ್ದಿದಾಗ 2ರ ಹತ್ತಿರ ತೋರಿಸಿತು. ಸಸಿಗೆ ಬಳಸುವ ಪುಡಿಯಲ್ಲಿ ಅದು 0.5ರ ಆಸುಪಾಸು ಇದ್ದರೆ ಚೆಂದ. ಇಷ್ಟೊಂದು ಉಪ್ಪು ಎಲ್ಲಿಂದ ಬರುತ್ತದೆ ಅಂದರೆ, ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಮ್, ಸೋಡಿಯಮ್ ಇರುತ್ತವೆ, ಮೇಲೆ ಕೆಲವು ಕಡೆ ನಾರು ಬಿಡಿಸಲು ಸಿಪ್ಪೆಯನ್ನು ಉಪ್ಪುನೀರಿನಲ್ಲೇ ಕೊಳೆಹಾಕುತ್ತಾರೆ. ಮೂರು ಸಲ ನೆನೆಸಿ, ಹಿಂಡಿ, ಚೆಲ್ಲಿದೆ. ಮೀಟರ್ ಇಳಿಯಿತು. ಹೊಸ ಎಲೆ ಚೊಕ್ಕವಾಗಿ ಬಂದವು. ಕಥೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಬೆಳೆಯುವ ಹಂತ.

ನಾಲ್ಕು ವಾರಕ್ಕೆ ಸಸಿಗಳನ್ನು ದೊಡ್ಡ ಕುಂಡಕ್ಕೆ ಹಾಕಿದೆ. ಟೊಮೆಟೊದ ಒಳ್ಳೆಯ ಗುಣ ಏನೆಂದರೆ, ಕೆಳಗಿನ ಎಲೆ ಕಿತ್ತು ಕಾಂಡವನ್ನು ಅರ್ಧದವರೆಗೆ ಹೂತರೆ ಹೂತಷ್ಟು ಉದ್ದಕ್ಕೂ ಬೇರು ಬಿಡುತ್ತದೆ. ಮಣ್ಣಿನಲ್ಲೂ ಕೋಕೋಪೀಟ್‌ನಲ್ಲೂ ಹೀಗೇ ಮಾಡಿದೆ. ಬಕೆಟ್‌ನಲ್ಲಿ ಈ ಉಪಾಯ ನಡೆಯಲಿಲ್ಲ, ಆದರೂ ಅಲ್ಲಿನ ಗಿಡಗಳೇ ಮೊದಲು ಮೇಲೆದ್ದವು. ಎಷ್ಟು ಬೇಗ ಎಂದರೆ, ಭಾನುವಾರ ಕಟ್ಟಿದ ದಾರ ಬುಧವಾರಕ್ಕೆ ಬಿಗಿಯಾಗುತ್ತಿತ್ತು. ಬೇರು ಆಹಾರ ಹುಡುಕಿ ಅಲೆಯಬೇಕಿಲ್ಲ, ಕುತ್ತಿಗೆವರೆಗೂ ಊಟ ಸಿಗುತ್ತದೆ, ಗಿಡ ತನ್ನ ಶಕ್ತಿಯನ್ನೆಲ್ಲ ಮೇಲಕ್ಕೆ ಹಾಕುತ್ತದೆ. ನೋಡಲು ಬಕೆಟ್ ಗಿಡದಷ್ಟು ಚೆಂದ ಬೇರೆ ಇರಲಿಲ್ಲ, ಬಂದವರೆಲ್ಲ ಅದರ ಫೋಟೋನೇ ತೆಗೆದರು. ಮಣ್ಣಿನ ಗಿಡ ಪಕ್ಕದಲ್ಲಿ ಸುಮ್ನೆ ನಿಂತಿತ್ತು.

ಈ ಬಕೆಟ್ ಪದ್ಧತಿಯನ್ನು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರ ಹೆಸರಿನಿಂದ ಕರೆಯುತ್ತಾರೆ. ಪಂಪ್ ಇಲ್ಲ, ಕರೆಂಟ್ ಬೇಡ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಇಳಿದ ಜಾಗದಲ್ಲಿ ಗಾಳಿ ಸೇದುವ ಬೇರು ಹುಟ್ಟುತ್ತದೆ, ಕೆಳಗಿನ ಬೇರು ನೀರು ಕುಡಿಯುತ್ತಿರುತ್ತದೆ. ಸೊಪ್ಪಿಗೆ ಇದು ಬಹಳ ಸುಲಭ. ದೊಡ್ಡ ಟೊಮೆಟೊ ಗಿಡ ಬೇರೆ ಜಾತಿಯ ಪ್ರಾಣಿ. ಕಾಯಿ ಕಟ್ಟುವ ಹೊತ್ತಿಗೆ ಎರಡು ದಿನ ಊರಿಗೆ ಹೋಗಿ ಬಂದರೆ ನೀರು ಐದಾರು ಲೀಟರ್ ಇಳಿದಿತ್ತು. ಗಾಬರಿಯಲ್ಲಿ ಬಕೆಟ್ ಬಾಯಿತನಕ ತುಂಬಿದೆ. ಮರುದಿನ ಗಿಡ ನೀರಿನಲ್ಲೇ ನಿಂತು ಬಾಡಿತ್ತು! ಗಾಳಿಗೆ ಒಗ್ಗಿದ ಬೇರನ್ನು ನಾನೇ ಮುಳುಗಿಸಿ ಉಸಿರು ಕಟ್ಟಿಸಿದ್ದೆ. ತುಂಬುವುದಾದರೆ ಅರ್ಧಕ್ಕಿಂತ ಕೆಳಗೇ ನಿಲ್ಲಿಸಬೇಕಿತ್ತು. ಮೇಲೆ ಬಿಳಿ ಬಕೆಟ್ ಬೇರೆ, ಬೆಳಕು ಒಳಗೆ ನುಗ್ಗಿ ಪಾಚಿ ಕಟ್ಟಿತು. ಕಪ್ಪು ಬಣ್ಣ ಬಳಿದೆ, ಪಾಚಿ ಹೋಯಿತು, ನೀರು ಕಾಯಲು ಶುರುವಾಯಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಮ್ಮಿ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಕಪ್ಪಿನ ಮೇಲೆ ಮತ್ತೆ ಬಿಳಿ ಬಳಿದ ಮೇಲೆ ಎರಡೂ ತಾಪತ್ರಯ ತಗ್ಗಿದವು. ಅಷ್ಟರಲ್ಲಿ ಒಂದು ಗಿಡದ ಬೇರು ಕಂದಾಗಿ, ಲೋಳೆಯಾಗಿ, ಮುಟ್ಟಿದರೆ ಕಳಚಿಕೊಳ್ಳುತ್ತಿತ್ತು. ಅದನ್ನು ಕಿತ್ತೆಸೆದೆ.

ಬಕೆಟ್ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ಒಳಗೆ ಇಡಬೇಕು, ಎರಡು ದಿನಕ್ಕೊಮ್ಮೆ ನೋಡಬೇಕು. ಇಡುವವರು ಇಡುತ್ತಾರೆ.

ಈಗ ಹೂವು, ಕಾಯಿ, ಮತ್ತು ನನ್ನ ನಿಜವಾದ ತಕರಾರು.

ಕೋಕೋಪೀಟ್‌ನ ಎರಡು ಗಿಡಗಳಲ್ಲೂ ಹೂವು ಚೆನ್ನಾಗಿ ಬಂತು. ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಸ್ವಲ್ಪ ತಟ್ಟುತ್ತಿದ್ದೆ, ಟೊಮೆಟೊ ಹೂವಿಗೆ ಅಷ್ಟೇ ಸಾಕು, ಪರಾಗ ಅದರೊಳಗೇ ಉದುರುತ್ತದೆ. ಹೀಚು ಕಟ್ಟಿತು. ನಿಂಬೆ ಗಾತ್ರಕ್ಕೆ ಬಂತು. ಒಂದು ದಿನ ಕಾಯಿ ತಿರುಗಿಸಿ ನೋಡಿದರೆ ತಳದಲ್ಲಿ ನೀರು ತುಂಬಿದಂಥ ಮಚ್ಚೆ. ನಾಲ್ಕು ದಿನಕ್ಕೆ ಅದೇ ಮಚ್ಚೆ ಕಪ್ಪಾಗಿ, ಚಪ್ಪಟೆಯಾಗಿ, ಚಪ್ಪಲಿ ಚರ್ಮದ ಹಾಗೆ ಒರಟಾಯಿತು. ಮೊದಲ ಗೊಂಚಲಿನ ಐದರಲ್ಲಿ ನಾಲ್ಕು ಹಾಗೇ ಹೋದವು. ರೋಗ ಅಂದುಕೊಂಡು ಬೇವಿನೆಣ್ಣೆ ಹೊಡೆದೆ. ಏನೂ ಆಗಲಿಲ್ಲ. ಹಸಿವು ಅಂದುಕೊಂಡು 19:19:19 ಗೊಬ್ಬರ ಜಾಸ್ತಿ ಹಾಕಿದೆ. ಎರಡನೇ ಗೊಂಚಲು ಇನ್ನೂ ಕೆಟ್ಟದಾಗಿ ಬಂತು.

ಅದು ರೋಗವಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಮ್ ಸಾಲದೆ ಆಗುವುದು. ನಾನು ಅಷ್ಟು ದಿನ ಪ್ರೀತಿಯಿಂದ ಸುರಿದ 19:19:19ರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇವೆ, ಕ್ಯಾಲ್ಸಿಯಮ್ ಚೂರೂ ಇಲ್ಲ. ಮಣ್ಣಿನಲ್ಲಾದರೆ ಜೇಡಿಯಲ್ಲಿ, ಗೊಬ್ಬರದಲ್ಲಿ ಒಂದಿಷ್ಟು ಮೊದಲೇ ಇರುತ್ತದೆ, ಹಾಗಾಗಿ ನಮ್ಮ ತಪ್ಪು ಮುಚ್ಚಿಹೋಗುತ್ತದೆ. ಕೋಕೋಪೀಟ್‌ನಲ್ಲಿ ಅಂಥ ಗಂಟೇ ಇಲ್ಲ. ಇಲ್ಲದಿರುವುದು ಮಾತ್ರವಲ್ಲ, ಕೊಟ್ಟದ್ದನ್ನೂ ಅದು ಕಿತ್ತುಕೊಳ್ಳುತ್ತದೆ. ನಾರಿನ ಮೈಗೆ ಪೊಟ್ಯಾಸಿಯಮ್, ಸೋಡಿಯಮ್ ಅಂಟಿಕೊಂಡಿರುತ್ತವೆ. ಕ್ಯಾಲ್ಸಿಯಮ್ ಹತ್ತಿರ ಬಂದರೆ ಅವನ್ನು ಬಿಟ್ಟು ಇದನ್ನು ಹಿಡಿದುಕೊಳ್ಳುತ್ತದೆ. ಬಿಟ್ಟ ಪೊಟ್ಯಾಸಿಯಮ್ ನೀರಿಗೆ ಸೇರಿ, ಬೇರು ಕ್ಯಾಲ್ಸಿಯಮ್ ಎಳೆದುಕೊಳ್ಳುವುದಕ್ಕೂ ಅಡ್ಡ ನಿಲ್ಲುತ್ತದೆ. ನಾನು ಮೂರು ಸಲ ತೊಳೆದೆನಲ್ಲ, ಅದರಲ್ಲಿ ಹೋದದ್ದು ಬಿಡಿ ಉಪ್ಪು ಮಾತ್ರ. ಮೈಗಂಟಿದ್ದು ನೀರಿಗೆ ಬಿಡುವುದಿಲ್ಲ. ಗಿಡ ನೆಡುವ ಮುಂಚೆಯೇ ಕ್ಯಾಲ್ಸಿಯಮ್ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು, ಆಮೇಲೆ ತೊಳೆಯಬೇಕಿತ್ತು. ಪೊಟ್ಟಣದ ಮೇಲೆ ಈ ಮಾತು ಎಲ್ಲೂ ಇರಲಿಲ್ಲ. ಮಾರಿದವರನ್ನು ಕೇಳಿದರೆ, ನೀರು ಕಮ್ಮಿ ಹಾಕಿ ಅಂದರು.

ಗಿಡ ನಿಂತಿದೆ, ಕಾಯಿ ಕಟ್ಟುತ್ತಿದೆ, ಈಗ ಕುಂಡ ಬಗ್ಗಿಸಿ ನೆನೆಸಲು ಆಗುತ್ತದಾ? ನೀರಿನ ಜೊತೆಯಲ್ಲೇ ಕ್ಯಾಲ್ಸಿಯಮ್ ನೈಟ್ರೇಟ್ ಕೊಡಲು ಹೊರಟೆ. ಅಲ್ಲಿ ಇನ್ನೊಂದು ಪೆಟ್ಟು. ಕೆಲಸ ಉಳಿಸೋಣ ಅಂತ ಒಂದೇ ಬಾಟಲಿಯಲ್ಲಿ ಅದನ್ನೂ ಉಳಿದ ಗೊಬ್ಬರವನ್ನೂ ಗಟ್ಟಿಯಾಗಿ ಕಲಸಿಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಸುಣ್ಣದಂಥ ಬಿಳಿ ಗಸಿ. ಕ್ಯಾಲ್ಸಿಯಮ್ ಗಟ್ಟಿ ದ್ರಾವಣದಲ್ಲಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿದರೆ ಕರಗದ ಪುಡಿಯಾಗಿ ಕೂತುಬಿಡುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಹಾಗಾಗಿ ಎರಡು ಬಾಟಲಿ, ಎರಡು ಬೇರೆ ದಿನ, ಗೋಡೆ ಮೇಲೆ ಒಂದು ಪಟ್ಟಿ. ಟೊಮೆಟೊ ಬೆಳೆಸಲು ಹೊರಟವರ ಮನೆಯಲ್ಲಿ ಔಷಧಿ ಅಂಗಡಿ ತೆರೆದ ಹಾಗಾಯಿತು.

ಇಷ್ಟೆಲ್ಲ ಮಾಡಿದರೂ ನೀರಿನ ಹೊತ್ತು ತಪ್ಪಿದರೆ ಮತ್ತೆ ಅದೇ ಕಥೆ. ಕ್ಯಾಲ್ಸಿಯಮ್ ಗಿಡದೊಳಗೆ ಹರಿಯುವ ನೀರಿನ ಜೊತೆ ಮಾತ್ರ ಮೇಲೇರುತ್ತದೆ, ಎಲೆಗೆ ಹೋದದ್ದು ಕಾಯಿಗೆ ವಾಪಸ್ ಬರುವುದಿಲ್ಲ. ಬಿಸಿಲಿಗೆ ಎಲೆ ಜಾಸ್ತಿ ಬೆವರುತ್ತದೆ, ನೀರೂ ಅದರ ಜೊತೆ ಕ್ಯಾಲ್ಸಿಯಮ್ಮೂ ಅಲ್ಲಿಗೇ ಹೋಗುತ್ತದೆ. ಮಧ್ಯಾಹ್ನ ಕುಂಡ ಒಣಗಿದರೆ ಕಾಯಿಗೆ ಉಳಿಯುವುದು ಸೊನ್ನೆ. ದೊಡ್ಡ ಗಿಡಕ್ಕೆ ಕೋಕೋಪೀಟ್‌ನಲ್ಲಿ ದಿನಕ್ಕೆ ಎರಡು ಸಲ, ಪ್ರತಿ ಸಲವೂ ಸ್ವಲ್ಪ ತಳದಿಂದ ಹೊರಹರಿಯುವಷ್ಟು ನೀರು ಬೇಕು ಅನ್ನಿಸಿತು. ಸಂಜೆ ಮರೆಯುವ ನನ್ನಂಥವರಿಗೆ ಇದು ಶಿಕ್ಷೆ. ಇನ್ನೊಂದು ಕಿರಿಕಿರಿ, ಮೇಲ್ಪದರ ತಿಳಿಬಣ್ಣಕ್ಕೆ ತಿರುಗಿ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಒದ್ದೆ ಇರುತ್ತದೆ. ಕಣ್ಣನ್ನು ನಂಬುವ ಹಾಗಿಲ್ಲ, ಕುಂಡ ಎತ್ತಿ ಭಾರ ನೋಡಿಯೇ ತೀರ್ಮಾನಿಸಬೇಕು. ಮೂರನೇ ಗೊಂಚಲಿನ ಹೊತ್ತಿಗೆ ಎಲ್ಲ ಹದಕ್ಕೆ ಬಂದು ಕಾಯಿ ಚೊಕ್ಕವಾದವು. ಕಪ್ಪಾದವು ಕಪ್ಪಾಗೇ ಉಳಿದವು, ಅವು ವಾಸಿಯಾಗುವುದಿಲ್ಲ, ಕಿತ್ತು ಎಸೆಯುವುದೇ ಸರಿ.

ಅದೇ ಹೊತ್ತಿನಲ್ಲಿ ಮಣ್ಣಿನ ಗಿಡಗಳು ಏನು ಮಾಡುತ್ತಿದ್ದವು? ಏನೂ ಇಲ್ಲ. ಬೆಳೆಯುತ್ತಿದ್ದವು. ಮೂರು ಪಾಲು ತೋಟದ ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಅದೇ ಜಗಳಗಂಟ ಕೋಕೋಪೀಟ್. ಬರೀ ತೋಟದ ಮಣ್ಣನ್ನು ಕುಂಡಕ್ಕೆ ತುಂಬಬೇಡಿ, ನಾಲ್ಕು ನೀರಿಗೆ ಇಟ್ಟಿಗೆಯಾಗುತ್ತದೆ. ಹೂ ಬಿಡುವ ಮುಂಚೆ ಒಂದು ಹಿಡಿ ಎರೆಗೊಬ್ಬರ, ಕಾಯಿ ಕಟ್ಟಿದ ಮೇಲೆ ಇನ್ನೊಂದು ಹಿಡಿ. ಸಂಜೆ ಮರೆತರೆ ಬೆಳಿಗ್ಗೆಯವರೆಗೆ ತಡೆದುಕೊಂಡವು. ಎರಡು ದಿನ ಬಿಟ್ಟು ಬಂದರೂ, ಹೋಗುವ ಮುಂಚೆ ಒಣ ಎಲೆ ಹೊದಿಸಿದ್ದರೆ, ಬಾಡಿದ ಮುಖ ಮಾಡಿ ಒಂದು ಗಂಟೆಯಲ್ಲಿ ಎದ್ದು ಕೂರುತ್ತಿದ್ದವು. ಕಪ್ಪು ತಳ ಎರಡೇ ಕಾಯಿಗೆ ಬಂತು, ಅದೂ ನಾನು ಊರಲ್ಲಿ ಇಲ್ಲದ ವಾರ.

ಮಣ್ಣಿನ ತಪ್ಪುಗಳೂ ಇವೆ. ಭಾರ, ಕುಂಡ ಜರುಗಿಸಲು ಸೊಂಟ ಬೇಕು. ಇರುವೆ ಗೂಡು ಕಟ್ಟಿತು. ಗೊಬ್ಬರ ಸರಿಯಾಗಿ ಕಳಿತಿರಲಿಲ್ಲವೋ ಏನೋ, ಸಣ್ಣ ಕರಿ ನೊಣಗಳು ಒಂದು ತಿಂಗಳು ಕಾಡಿದವು. ಮೊದಲ ಹಣ್ಣು ಬಕೆಟ್‌ಗಿಂತ ಹತ್ತು ದಿನ ತಡ.

ಒಂದು ವಾರ ಬಿಸಿಲು ಸಿಕ್ಕಾಪಟ್ಟೆ ಏರಿದಾಗ ಐದೂ ಗಿಡಗಳ ಹೂವು ಉದುರಿದವು. ಅದಕ್ಕೆ ಬೇರು ಎಲ್ಲಿದೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಗಲು 35 ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗವೇ ಕೆಡುತ್ತದೆ, ಗೊಬ್ಬರ ಸುರಿದು ಪ್ರಯೋಜನ ಇಲ್ಲ, ನೆರಳು ಬಲೆ ಕಟ್ಟಿ ಕಾಯಬೇಕು.

ಒಂದೊಂದು ಗಿಡದ ಲೆಕ್ಕ ಹಿಡಿದರೆ ಜಾಸ್ತಿ ಹಣ್ಣು ಕೊಟ್ಟಿದ್ದು ಉಳಿದ ಆ ಒಂದು ಬಕೆಟ್ ಗಿಡ, ಅದರಲ್ಲಿ ಅನುಮಾನ ಇಲ್ಲ. ಕಪ್ಪಾದವನ್ನು ಬಿಟ್ಟರೆ ಕೋಕೋಪೀಟ್ ಮತ್ತು ಮಣ್ಣು ಹೆಚ್ಚುಕಮ್ಮಿ ಒಂದೇ. ಆದರೆ ಬಕೆಟ್‌ಗೆ ಎರಡು ಮೀಟರ್, ಪಿಎಚ್ ಇಳಿಸುವ ದ್ರಾವಣ, ಮೂರು ನಮೂನೆ ಗೊಬ್ಬರ, ಬಣ್ಣ. ಕೋಕೋಪೀಟ್‌ಗೆ ಬಣ್ಣ ಒಂದನ್ನು ಬಿಟ್ಟು ಹೆಚ್ಚುಕಡಿಮೆ ಅದೇ ಪಟ್ಟಿ. ಮಣ್ಣಿಗೆ ಖರ್ಚಾಗಿದ್ದು ಗೊಬ್ಬರಕ್ಕೆ ಮಾತ್ರ, ಮುಂದಿನ ಸಲಕ್ಕೂ ಅದೇ ಮಿಶ್ರಣಕ್ಕೆ ಸ್ವಲ್ಪ ಗೊಬ್ಬರ ಸೇರಿಸಿದರೆ ನಡೆಯುತ್ತದೆ. ಟೊಮೆಟೊ ಆದಮೇಲೆ ಟೊಮೆಟೊವನ್ನೇ ಹಾಕುವುದಿಲ್ಲ, ಹುರುಳಿಕಾಯಿ ಹಾಕುತ್ತೇನೆ, ಬೇರಿನ ರೋಗ ಉಳಿದುಕೊಂಡಿದ್ದರೆ ತೊಂದರೆ.

ದಿನಾ ಅಳೆಯುವುದರಲ್ಲೇ ಖುಷಿ ಇರುವವರು ಬಕೆಟ್ ಇಡಲಿ, ನನ್ನ ತಮ್ಮ ಅಂಥವನೇ, ಅವನಿಗೆ ಎರಡೂ ಬಕೆಟ್ ಮತ್ತು ಮೀಟರ್ ಕೊಟ್ಟೆ. ಹೊತ್ತಿಗೆ ಸರಿಯಾಗಿ ತಾನಾಗೇ ನೀರು ಬಿಡುವ ಹನಿ ಪೈಪು ಇರುವವರಿಗೆ, ಭಾರ ಹೊರಲಾಗದ ಮಹಡಿಯವರಿಗೆ ಕೋಕೋಪೀಟ್ ಸರಿಹೋಗಬಹುದು, ಕ್ಯಾಲ್ಸಿಯಮ್ ನೀರಿನಲ್ಲಿ ನೆನೆಸಿದ ಮೇಲೆ. ನಾನು ಬೀಜಕ್ಕೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಅರ್ಧ ಇಟ್ಟಿಗೆ ಇನ್ನೂ ಮೂಲೆಯಲ್ಲಿದೆ, ಮುಂದಿನ ವಾರ ಬದನೆ ಬೀಜ ಹಾಕಬೇಕು, ಇವತ್ತು ರಾತ್ರಿ ನೆನೆಸಲು ಮರೆಯದಿದ್ದರೆ.